ಹೊಳೆ ದಾಟಿಸಿದ ಬೆಕ್ಕನ್ನು ಹುಡುಕಿಕೊಂಡು

ಅದು 1974ನೇ ಇಸವಿ. ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ನಾನಾಗ ಹೊಸದುರ್ಗದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರ್. ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿತ್ತು. ನಮ್ಮ ಯಜಮಾನರಿಗೆ ಹಿರಿಯೂರಿನಲ್ಲಿ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು, ನಮ್ಮತ್ತೆ ಸಿದ್ದಮ್ಮ ಮತ್ತು ಕೆಂಪಿ ಅನ್ನುವ ಬೆಕ್ಕು.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾವು ಕುರಿ ಸಾಕುವ ಜನ. ನಮ್ಮ ಹಟ್ಟಿಯಲ್ಲಿ ಗಂಡು ಹೆಣ್ಣು ಸೇರಿಸಿ ಮೊದಲು ಡಿಗ್ರಿ ಮಾಡಿದವಳು ನಾನು. ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದುಕೊಂಡು, ಇದ್ದ ಎರಡೇ ಸೀರೆ ಒಗೆದು ಒಗೆದು ಉಟ್ಟುಕೊಂಡು ಬಿ.ಎಸ್ಸಿ. ಮುಗಿಸಿದೆ. ಇದನ್ನು ಯಾರಾದರೂ ಜಂಬ ಅಂದುಕೊಂಡರೆ ಅಂದುಕೊಳ್ಳಲಿ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಿಟ್ಟು ಬಂದಾಗ ನನ್ನನ್ನು ‘ಮೇಡಮ್ಮೋರು’ ಅನ್ನುವರು, ಇಲ್ಲದಿದ್ದರೆ ‘ಲೇ ಹುಡುಗಿ’.

ಕೆಂಪಿಗೆ ಏನೋ ಆಗಿದೆ ಅಂತ ನನಗೆ ದಸರಾ ರಜೆಯಲ್ಲೇ ಅನ್ನಿಸಿತ್ತು. ಹತ್ತಿರ ಬಂದರೆ ಬಾಯಿಂದ ಕೊಳೆತ ಮೀನಿನಂಥ ವಾಸನೆ. ಅನ್ನಕ್ಕೆ ಬಾಯಿ ಹಾಕಿ, ತಲೆ ಒಂದು ಪಕ್ಕಕ್ಕೆ ವಾಲಿಸಿ ಅಗಿಯುವುದು, ಅರ್ಧ ತುತ್ತು ಕೆಳಗೆ ಬೀಳಿಸುವುದು, ಮುಂಗಾಲಿನಿಂದ ಮುಖ ಪರಚಿಕೊಳ್ಳುವುದು. ಅತ್ತೆಗೆ ಹೇಳಿದರೆ, ‘ಬೆಕ್ಕಿನ ಬಾಯಿ ಮಲ್ಲಿಗೆ ಹೂವಿನಂಗೆ ಇರ್ತೈತೇನೆ?’ ಅಂದರು. ಅವರು ನಸ್ಯ ಏರಿಸುವವರು, ಅವರ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಬಸುರಿಗೆ ಎಲ್ಲವೂ ನಾತ ಹೊಡೆಯುತ್ತದೆ ಅಂತ ನಾನೂ ಸುಮ್ಮನಾದೆ.

ಒಂದು ಬುಧವಾರ ಬೆಳಗ್ಗೆ ನೋಡಿದರೆ ಕೆಂಪಿಯ ಬಾಯಿಂದ ದಾರದ ಹಾಗೆ ಜೊಲ್ಲು ಇಳಿಬಿದ್ದಿದೆ, ಅದರಲ್ಲಿ ರಕ್ತದ ಎಳೆ. ನೀರಿನ ಬಟ್ಟಲಿಗೆ ನಾಲಿಗೆ ಹಾಕಿದ್ದೇ ಗುರ್ ಎಂದು ಹಿಂದಕ್ಕೆ ಹಾರಿತು. ಅಯ್ಯೋ ಪಾಪ ಅಂತ ಹಳೇ ಬಟ್ಟೆ ತಗೊಂಡು ಬಾಯಿ ಒರೆಸಲು ಹೋದೆ. ಕೆನ್ನೆ ಮುಟ್ಟಿದೆನೋ ಇಲ್ಲವೋ, ಹೆಬ್ಬೆರಳಿನ ಬುಡಕ್ಕೆ ಕಚ್ಚಿಬಿಟ್ಟಿತು. ರಕ್ತ ಚಿಮ್ಮಿತು.

ನನ್ನ ಕೂಗಿಗೆ ಪಕ್ಕದ ಮನೆಯ ಗೌರಕ್ಕ ಓಡಿಬಂದರು. ಬೆಕ್ಕನ್ನು ನೋಡಿದವರೇ ಬಾಗಿಲಲ್ಲೇ ನಿಂತರು.

‘ಸಿದ್ದಮ್ಮಕ್ಕಾ, ಇದಕ್ಕೆ ಹುಚ್ಚು ಹಿಡಿದೈತೆ. ಜೊಲ್ಲು ನೋಡು. ನೀರು ಕಂಡ್ರೆ ಹಾರ್ತೈತೆ ನೋಡು.’

ನಾನು ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆದೆ. ನನಗೆ ಖಚಿತವಾಗಿ ಗೊತ್ತಿದ್ದ ವಿಷಯ ಅದೊಂದೇ. ಕೆಂಪಿಯ ಮೇಲೆ ಕೋಳಿ ಪಂಜರ ಮುಚ್ಚಿ, ಮೇಲೆ ಗುಂಡುಕಲ್ಲು ಹೇರಿ, ‘ಅತ್ತೆ, ಇದನ್ನ ಮಾತ್ರ ಬಿಡಬೇಡಿ. ಮಧ್ಯಾಹ್ನ ಬಂದು ಡಾಕ್ಟ್ರ ಹತ್ರ ಹೋಗಾಣ’ ಅಂದು ಶಾಲೆಗೆ ಹೋದೆ. ಅವತ್ತು ಮಕ್ಕಳಿಗೆ ಪರೀಕ್ಷೆ, ತಪ್ಪಿಸುವ ಹಾಗಿರಲಿಲ್ಲ. ಏನು ಪ್ರಶ್ನೆಪತ್ರಿಕೆ ಹಂಚಿದೆನೋ, ಏನು ಕಾವಲು ಕಾದೆನೋ. ಹೆಬ್ಬೆರಳು ಸಿಡಿಯುತ್ತಿತ್ತು.

ಮಧ್ಯಾಹ್ನ ಮನೆಗೆ ಬಂದರೆ ಪಂಜರ ಬರಿದು. ‘ಬೆಕ್ಕೆಲ್ಲಿ?’ ಅಂದೆ. ‘ಎತ್ಲಾಗೋ ಹೋತು, ನೀನು ಮೊದ್ಲು ನಡಿ’ ಅಂತ ಅತ್ತೆ ಸೆರಗು ಹೊದ್ದುಕೊಂಡರು.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಮಾತು ಒರಟು. ಗಾಯ ನೋಡಿದರು, ಹೊಟ್ಟೆ ನೋಡಿದರು, ಕನ್ನಡಕ ತೆಗೆದಿಟ್ಟರು.

‘ಎಷ್ಟು ದಿನದಿಂದ ಜೊಲ್ಲು?’

‘ಇವತ್ತಿನಿಂದ’ ಅಂದರು ಅತ್ತೆ.

‘ಇಲ್ಲ ಡಾಕ್ಟ್ರೇ, ದಸರಾದಿಂದಲೇ ಬಾಯಿ ವಾಸನೆ ಇತ್ತು, ಸರಿಯಾಗಿ ಅಗೀತಿರಲಿಲ್ಲ. ಹುಚ್ಚಾಗಿದ್ರೆ ಇಷ್ಟು ದಿನ ಬದುಕ್ತಿರಲಿಲ್ಲ. ನಾನು ಬಿ.ಎಸ್ಸಿ. ಓದಿದೀನಿ, ಪ್ರಾಣಿಶಾಸ್ತ್ರ...’

‘ಬೆಕ್ಕು ನಿನ್ನ ಜೊತೆ ಕಾಲೇಜಿಗೆ ಬಂದಿತ್ತೇನಮ್ಮಾ? ಬಾಯಿ ವಾಸನೆ ಇದ್ದ ಬೆಕ್ಕಿಗೆ ಆಮೇಲೆ ಹುಚ್ಚುನಾಯಿ ಕಚ್ಚಿರಬಾರ್ದು ಅಂತ ಏನಾದ್ರೂ ಐತಾ?’

ನಾನು ಹೆಬ್ಬೆರಳನ್ನು ಸೆರಗಿನೊಳಗೆ ಎಳೆದುಕೊಂಡೆ.

ಅವರೇ ದನಿ ಇಳಿಸಿ ಹೇಳಿದರು. ‘ನೋಡಮ್ಮ, ಬೆಕ್ಕು ಕೈಲಿದ್ರೆ ದನದ ಡಾಕ್ಟ್ರಿಗೆ ತೋರಿಸು. ಅವರು ಹುಚ್ಚಿನ ಲಕ್ಷಣ ಇಲ್ಲ ಅಂದ್ರೆ ಹತ್ತು ದಿನ ಕಟ್ಟಿಹಾಕಿ ನೋಡಾಣ. ಹತ್ತು ದಿನ ಅದು ನೆಟ್ಟಗೆ ಬದುಕಿದ್ರೆ ನಿನಗೆ ಭಯ ಇಲ್ಲ. ಬೆಕ್ಕು ಸಿಗ್ಲಿಲ್ಲ, ಇಲ್ಲಾ ಸತ್ತೇಹೋತು ಅಂದ್ರೆ ಬೇರೆ ದಾರಿ ಇಲ್ಲ. ಹದಿನಾಲ್ಕು ಸೂಜಿ, ಹೊಕ್ಕಳ ಸುತ್ತ. ನಾಳೆ ಬೆಳಗ್ಗೆ ಚಿತ್ರದುರ್ಗಕ್ಕೆ ಹೋಗ್ಬೇಕಾಗ್ತೈತೆ.’

ನನ್ನ ಕೈ ತಾನೇ ಹೊಟ್ಟೆಯ ಮೇಲೆ ಹೋಯಿತು. ಒಳಗೆ ಮಗು ಒದೆಯಿತು. ಆಗಿನ ಕಾಲದ ಆ ಸೂಜಿಯ ಬಗ್ಗೆ ಏನೇನೋ ಕೇಳಿದ್ದೆ. ಹಾಕಿಸಿಕೊಂಡವರಿಗೆ ಕೈಕಾಲು ಬಿದ್ದುಹೋದ ಕಥೆಗಳನ್ನೂ ಕೇಳಿದ್ದೆ. ‘ಮಗೂಗೆ?’ ಅಂದೆ.

‘ತಾಯಿ ಉಳಿದ್ರೆ ತಾನೇ ಮಗು. ಹುಚ್ಚು ಏರಿದ ಮೇಲೆ ಮದ್ದಿಲ್ಲಮ್ಮ’ ಅಂದರು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು.

‘ಲೇ ಹುಡುಗಿ, ಬೆಕ್ಕು ಹೋಗ್ಲಿಲ್ಲ ಕಣೆ. ನಾನೇ ಕಳಿಸ್ದೆ.’

ಗೌರಕ್ಕ ‘ಹೊಡೆದು ಸಾಯ್ಸಿ’ ಅಂದರಂತೆ. ಆದರೆ ನಮ್ಮ ಕಡೆ ಬೆಕ್ಕು ಕೊಲ್ಲುವುದು ದೊಡ್ಡ ಪಾಪ. ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅನ್ನುತ್ತಾರೆ. ಅದಕ್ಕೇ ಬೇಡವಾದ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ, ದಿಕ್ಕು ತಪ್ಪಲಿ ಅಂತ ಚೀಲವನ್ನು ಮೂರು ಸುತ್ತು ತಿರುಗಿಸಿ, ಹೊಳೆ ದಾಟಿಸಿ ಬಿಟ್ಟು ಬರುತ್ತಾರೆ. ನೀರು ದಾಟಿದ ಬೆಕ್ಕು ಮನೆಗೆ ವಾಪಸ್ ಬರುವುದಿಲ್ಲ ಅಂತ ನಂಬಿಕೆ. ಹೊಳೆ ಆಚೆಯ ಊರಿನಿಂದ ತೆಂಗಿನಕಾಯಿ ಗಾಡಿ ಹೊಡೆದುಕೊಂಡು ಬರುತ್ತಿದ್ದ ರುದ್ರಣ್ಣನ ಕೈಗೆ ಅತ್ತೆ ಚೀಲ ಕೊಟ್ಟು ಕಳಿಸಿದ್ದರು. ಬಸುರಿ ಸೊಸೆ ಇರುವ ಮನೆಯಲ್ಲಿ ಹುಚ್ಚುಬೆಕ್ಕು ಬೇಡ, ಪಾಪವೂ ಬೇಡ. ಎರಡನ್ನೂ ಯೋಚಿಸಿಯೇ ಮಾಡಿದ್ದರು.

‘ನಡೀರಿ ಅತ್ತೆ, ಹುಡುಕಾಣ’ ಅಂದೆ.

‘ಈ ಹೊಟ್ಟೆ ಇಟ್ಕಂಡು ನೀನೆಲ್ಲಿಗೆ ಬರ್ತೀಯೆ?’

‘ಹೊಟ್ಟೆಗೋಸ್ಕರನೇ ಹೋಗ್ತಿರೋದು.’

ಅತ್ತೆ ಮನೆಗೆ ಓಡಿ ತಮ್ಮ ಕರೀ ಕಂಬಳಿಯನ್ನೂ ಎರಡು ಬಿದಿರು ಪುಟ್ಟಿಗಳನ್ನೂ ತಂದರು. ಬಸ್ಸು ಹತ್ತಿ ಸೇತುವೆ ದಾಟಿ ಇಳಿದೆವು. ರುದ್ರಣ್ಣ ಮನೆ ಮುಂದೆ ಎತ್ತಿಗೆ ನೀರು ತೋರಿಸುತ್ತಿದ್ದ. ನಮ್ಮನ್ನು ಕಂಡು ನಕ್ಕ.

‘ಸಿದ್ದಮ್ಮಾರೇ, ನೀವು ಹೇಳ್ದಂಗೇ ಬಿಟ್ಟಿದೀನಿ. ಅದು ವಾಪಸ್ ಬರೋ ಮಾತೇ ಇಲ್ಲ, ನಿಶ್ಚಿಂತೆಯಿಂದಿರ್ರಿ.’

‘ನಿಶ್ಚಿಂತೆಗೆ ಬೆಂಕಿ ಬಿತ್ತು. ಎಲ್ಲಿ ಬಿಟ್ಟೆ ಹೇಳಪ್ಪಾ, ಅದು ವಾಪಸ್ ಬೇಕು.’

‘ಬೇಕಾ? ಬೆಳಗ್ಗೆ ಬ್ಯಾಡ ಅಂದ್ರಿ!’

‘ಬೆಳಗ್ಗೆ ನನಗೇ ಹುಚ್ಚು ಹಿಡಿದಿತ್ತು ಅಂತ ತಿಳ್ಕ’ ಅಂದರು ಅತ್ತೆ.

ಹೊಳೆದಂಡೆಯ ಮೇಲಿನ ಕತ್ತಾಳೆ ಸಾಲಿನ ಹತ್ತಿರ ಚೀಲ ಬಿಚ್ಚಿದ್ದನಂತೆ. ಅಲ್ಲಿಗೆ ಹೋದೆವು. ಖಾಲಿ ಚೀಲ ಬಿದ್ದಿತ್ತು. ಬೆಕ್ಕಿಲ್ಲ. ಮುಳ್ಳುಮುಳ್ಳಾಗಿ ಕತ್ತಾಳೆ ಬೆಳೆದ ಬದು, ಅದರಾಚೆ ತೆಂಗಿನ ತೋಟ, ಕೆಳಗೆ ಮರಳು. ಎಲ್ಲಿ ಅಂತ ನೋಡುವುದು? ನನ್ನನ್ನು ಒಂದು ಕಲ್ಲಿನ ಮೇಲೆ ಕೂರಿಸಿ ಅತ್ತೆ ಕತ್ತಾಳೆ ಬುಡದಲ್ಲಿ ಬಗ್ಗಿ ಬಗ್ಗಿ ಕರೆಯುತ್ತಾ ಹೋದರು. ಮೊದಲು ಮುದ್ದಿನಿಂದ, ‘ಪುಸ್ ಪುಸ್, ಬಾರೇ ಕೆಂಪೀ.’ ಆಮೇಲೆ ಸಿಟ್ಟಿನಿಂದ, ‘ಬರ್ತೀಯೋ ಇಲ್ವೋ ಹಾಳಾದೋಳೇ, ಇಷ್ಟು ವರ್ಷ ಹಾಲು ಹುಯ್ದಿಲ್ವೇನೆ?’ ಬಿಸಿಲು ಇಳಿಯುತ್ತಾ ಬಂತು. ಕೊನೆಗೆ ಅವರು ಮರಳಿನ ಮೇಲೆ ಕುಂತೇಬಿಟ್ಟರು. ‘ತಾಯೀ, ನಿನ್ನ ಕಾಲಿಗೆ ಬೀಳ್ತೀನಿ, ಬಾರೇ. ನನ್ನ ಮೊಮ್ಮಗೀನ ಹೊಟ್ಟೇಲೇ ಚುಚ್ತಾರಂತೆ ಕಣೇ’ ಅಂದರು. ಅಲ್ಲಿಯವರೆಗೆ ನಾನು ಅವರ ಕಣ್ಣಲ್ಲಿ ನೀರು ನೋಡಿರಲಿಲ್ಲ.

ಯಾವ ಮಾತಿಗೆ ಬಂತೋ ಗೊತ್ತಿಲ್ಲ. ಕತ್ತಾಳೆಯ ಒಳಗಿಂದ ಸಣ್ಣಗೆ ಒಂದು ಕೂಗು ಕೇಳಿತು. ಕೆಂಪಿ ತೆವಳಿಕೊಂಡು ಬಂತು, ಜೊಲ್ಲು ಸುರಿಯುತ್ತಲೇ ಇತ್ತು. ಅತ್ತೆ ಕುರಿಮರಿ ಹಿಡಿಯುವ ಹಾಗೆ ಕಂಬಳಿ ಬೀಸಿ ಹಾಕಿ ಸುತ್ತಿಬಿಟ್ಟರು. ಪುಟ್ಟಿಯಲ್ಲಿಟ್ಟು, ಮೇಲೊಂದು ಪುಟ್ಟಿ ಮುಚ್ಚಿ, ರುದ್ರಣ್ಣ ಕೊಟ್ಟ ಹಗ್ಗದಿಂದ ಬಿಗಿದೆವು.

ವಾಪಸ್ ಬಸ್ಸಿನಲ್ಲಿ ಹೊಸ ಭಯ. ಒಳಗಿರುವುದು ಕಚ್ಚಿದ ಬೆಕ್ಕು ಅಂತ ಗೊತ್ತಾದರೆ ನಮ್ಮನ್ನು ಅಲ್ಲೇ ಇಳಿಸುತ್ತಾರೆ. ಕಂಡಕ್ಟರ್ ಬಂದ.

‘ಪುಟ್ಟೀಲಿ ಏನಜ್ಜೀ?’

‘ಕೋಳಿ ಕಣಪ್ಪ.’

ಆ ಹೊತ್ತಿಗೇ ಕೆಂಪಿ ಒಳಗಿಂದ ಉದ್ದಕ್ಕೆ ರಾಗ ತೆಗೆಯಿತು.

‘ಎಲಾ ಇವನ! ಮ್ಯಾವ್ ಅನ್ನೋ ಕೋಳಿ ಎಲ್ಲಿ ಸಿಕ್ತಜ್ಜೀ ನಿನಗೆ?’

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅತ್ತೆ ಮುಖ ಗಂಟಿಕ್ಕಿಕೊಂಡು, ‘ಬಸುರಿಗೆ ಬೆಕ್ಕು ಕಂಡ್ರೆ ಆಸೆ, ತಗಂಡ್ ಹೊಂಟೀನಿ. ಟಿಕೆಟ್ ಕೊಡು’ ಅಂದರು. ನಾನು ಮಾತ್ರ ನಗಲಿಲ್ಲ. ಪುಟ್ಟಿಯ ಸಂದಿಯಿಂದ ಜೊಲ್ಲು ಹನಿದು ಯಾರ ಕಾಲಿಗಾದರೂ ತಾಗೀತು ಅಂತ ದಾರಿಯುದ್ದಕ್ಕೂ ಪುಟ್ಟಿಯ ತಳವನ್ನೇ ನೋಡುತ್ತಾ ಕುಳಿತಿದ್ದೆ.

ದನದ ಆಸ್ಪತ್ರೆಯ ಡಾಕ್ಟರು ಬೀಗ ಹಾಕಿ ಸೈಕಲ್ ತೆಗೆಯುತ್ತಿದ್ದರು. ಚಿಕ್ಕ ವಯಸ್ಸಿನವರು. ‘ಬೆಕ್ಕಾ? ಎತ್ತು ಎಮ್ಮೆ ಬಿಟ್ರೆ ಇಲ್ಲಿಗೆ ಯಾರೂ ಬೆಕ್ಕು ತಂದಿಲ್ವಲ್ರೀ’ ಅಂದರು. ಆದರೆ ನನ್ನ ಹೊಟ್ಟೆ, ಕಟ್ಟಿದ ಹೆಬ್ಬೆರಳು ನೋಡಿ ಬೀಗ ತೆಗೆದರು. ಅವರಿಗೂ ಭಯವಿತ್ತು. ಮೊದಲು ಬೆಕ್ಕನ್ನು ಮುಟ್ಟದೆ ನನ್ನನ್ನೇ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಹಸಿವು ಇದೆಯಾ, ಕರೆದರೆ ಬರುತ್ತದಾ, ಕಾಲು ಎಳೆಯುತ್ತದಾ, ಸುಮ್ಮಸುಮ್ಮನೆ ಮೈಮೇಲೆ ಬೀಳುತ್ತದಾ. ಇದು ತಾನಾಗಿ ಬಂದು ಕಚ್ಚಿದ್ದಲ್ಲ, ನಾನು ಕೆನ್ನೆ ಮುಟ್ಟಿದಾಗ ಕಚ್ಚಿತು ಅಂದೆ. ‘ಯಾವ ಕೆನ್ನೆ?’ ಅಂದರು. ‘ಬಲಗಡೆ. ಅಗಿಯುವಾಗ ಎಡಕ್ಕೆ ವಾಲುತ್ತೆ’ ಅಂದೆ. ‘ನೀವು ಸರಿಯಾಗಿ ನೋಡಿದೀರಿ’ ಅಂದರು. ಇಡೀ ದಿನದಲ್ಲಿ ನನ್ನ ಮಾತು ಕಿವಿಗೆ ಹಾಕಿಕೊಂಡವರು ಅವರೊಬ್ಬರೇ.

ಕೈಗೆ ದಪ್ಪ ರಬ್ಬರಿನ ಗ್ಲೌಸು ಹಾಕಿಕೊಂಡು, ಕಂಬಳಿಯಲ್ಲಿ ಕತ್ತಿನವರೆಗೆ ಸುತ್ತಿದ ಬೆಕ್ಕನ್ನು ಅತ್ತೆಯಿಂದ ಹಿಡಿಸಿ, ಬಾಯಿಗೆ ಕಡ್ಡಿ ಕೊಟ್ಟು ಟಾರ್ಚು ಬಿಟ್ಟರು. ನಾನೂ ಬಗ್ಗಿ ನೋಡಿದೆ. ವಸಡು ಹಸಿ ಮಾಂಸದ ಹಾಗೆ ಕೆಂಪಗೆ ಉಬ್ಬಿತ್ತು. ದವಡೆ ಹಲ್ಲುಗಳ ಮೇಲೆ ಸುಣ್ಣದ ಗಾರೆಯಂತೆ ಹಳದಿ ಕಲ್ಲು ಕಟ್ಟಿತ್ತು. ಬಲಗಡೆ ಮೇಲಿನ ದೊಡ್ಡ ಹಲ್ಲಿನ ಬುಡದಲ್ಲಿ ಕೀವು.

‘ಅಜ್ಜೀ, ಈ ಬಾಯಿ ನನಗಿದ್ದಿದ್ರೆ ನಾನೂ ಕಚ್ತಿದ್ದೆ’ ಅಂದರು. ‘ತಣ್ಣೀರು ತಾಕಿದ್ರೆ ಜೀವ ಹೋಗೋವಷ್ಟು ನೋವು. ಅದಕ್ಕೇ ಹಾರ್ತೈತೆ, ನೀರಿನ ಭಯಕ್ಕಲ್ಲ.’

ಅತ್ತೆ ಬೆಪ್ಪಾಗಿ ನಿಂತರು. ‘ಬೆಕ್ಕಿಗೂ ಹಲ್ಲುನೋವು ಬರ್ತೈತಾ?’

‘ಬರ್ತೈತೆ. ಆದ್ರೆ ಹುಚ್ಚಲ್ಲವೇ ಅಲ್ಲ ಅಂತ ನಾನು ಬರೀ ಬಾಯಿ ನೋಡಿ ಆಣೆ ಮಾಡೋಕಾಗಲ್ಲ. ಹತ್ತು ದಿನ ಬದುಕಿರ್ಬೇಕು.’

‘ಹಲ್ಲು ಕಿತ್ತುಬಿಡಿ ಸಾರ್’ ಅಂದೆ.

‘ಈಗ ಮತ್ತು ಬರೋ ಔಷಧಿ ಕೊಟ್ಟು ಕೀಳೋಕೆ ಹೋದ್ರೆ ಈ ನಿತ್ರಾಣದಲ್ಲಿ ಸತ್ತೇ ಹೋಗಬಹುದು. ಸತ್ರೆ ನಿಮಗೆ ಸೂಜಿ. ಕೀಳದಿದ್ರೆ ತಿನ್ನಲ್ಲ, ಉಪವಾಸಕ್ಕೇ ಸಾಯಬಹುದು. ಆಗಲೂ ನಿಮಗೆ ಸೂಜಿ.’

ಅವರು ಪೆನ್ಸಿಲಿನ್ ಕೊಟ್ಟರು, ದಿನ ಬಿಟ್ಟು ದಿನ ಮನೆಗೇ ಬಂದು ಕೊಡುವುದಾಗಿ ಹೇಳಿದರು. ಆಸ್ಪತ್ರೆಯ ಡಾಕ್ಟರಿಗೂ ತಾವೇ ಹೋಗಿ ವಿಷಯ ತಿಳಿಸಿದರು. ಆ ಡಾಕ್ಟರು ನನಗೆ, ‘ಕಾಯಾಣ. ಆದ್ರೆ ಬೆಕ್ಕು ಸತ್ತ ದಿನವೇ ಓಡಿ ಬರ್ಬೇಕು’ ಅಂದರು.

ಶನಿವಾರ ನಮ್ಮ ಯಜಮಾನರು ಬಂದರು. ಎಲ್ಲ ಕೇಳಿ ಮುಖ ಬಿಳಿಚಿಕೊಂಡಿತು. ‘ಬೆಕ್ಕನ್ನ ನಂಬಿಕೊಂಡು ಕೂರೋದಾ? ನಾಳೆನೇ ಸೂಜಿ ಹಾಕಿಸಿಬಿಡಾಣ’ ಅಂದರು. ಅವರ ಮಾತಲ್ಲೂ ತಪ್ಪಿರಲಿಲ್ಲ. ನಾನು ಇಬ್ಬರು ಡಾಕ್ಟರು ಹೇಳಿದ್ದನ್ನು ನಿಧಾನಕ್ಕೆ ವಿವರಿಸಿದೆ. ‘ದಿನಾ ಬೆಕ್ಕನ್ನ ನಾನೇ ನೋಡ್ತೀನಿ. ನಡಿಗೆ, ದನಿ, ಕಣ್ಣು, ಯಾವುದು ಬದಲಾದ್ರೂ ಅವತ್ತೇ ಚಿತ್ರದುರ್ಗಕ್ಕೆ ಹೊರಡ್ತೀನಿ’ ಅಂದೆ. ಹೇಳುವಾಗ ದನಿ ಗಟ್ಟಿಯಾಗಿತ್ತು. ಒಳಗೆ, ನಾನು ಓದಿದ್ದು ತಪ್ಪಾಗಿದ್ದರೆ ಎರಡು ಜೀವ ಹೋಗುತ್ತದೆ ಅನ್ನುವ ಲೆಕ್ಕ ನಡೆಯುತ್ತಲೇ ಇತ್ತು.

ಬೆಕ್ಕನ್ನು ಬದುಕಿಸುವ ಕೆಲಸ ಅತ್ತೆ ತಗೊಂಡರು. ಖಾರ ಹಾಕದ ಎಲುಬಿನ ಸಾರು ಬೇಯಿಸುವರು. ಅನ್ನವನ್ನು ಕೈಯಲ್ಲಿ ಕಿವುಚಿ ನುಣ್ಣಗೆ ಮಾಡಿ ಸಾರಲ್ಲಿ ಕಲಸುವರು, ಉಗುರು ಬೆಚ್ಚಗಿದೆಯೇ ಅಂತ ಬೆರಳಿಟ್ಟು ನೋಡುವರು. ಬಟ್ಟಲನ್ನು ಕೋಲಿನಿಂದ ಪಂಜರದೊಳಕ್ಕೆ ತಳ್ಳುವರು. ಗೌರಕ್ಕ ಗೋಡೆಯಾಚೆಯಿಂದ, ‘ಸಿದ್ದಮ್ಮಕ್ಕಾ, ಎಲುಬಿನ ಸಾರು ಬಸುರಿಗೋ ಬೆಕ್ಕಿಗೋ?’ ಅಂತ ಕೇಳಿದರೆ, ‘ಬೆಕ್ಕು ಉಂಡ್ರೆ ಬಸುರಿ ಉಂಡಂಗೆ’ ಅನ್ನುವರು.

ಕೆಲವು ದಿನ ಚೆನ್ನಾಗೇ ನಡೆಯಿತು. ಹತ್ತು ದಿನದ ಗಡುವು ಮುಗಿಯುತ್ತಾ ಬಂದಾಗ ಕೆಂಪಿಯ ಬಲಗಣ್ಣಿನ ಕೆಳಗೆ ಊದಿಕೊಂಡಿತು. ಸಾರು ಮೂಸಿ ಮುಖ ತಿರುಗಿಸಿತು. ಮಾರನೇ ದಿನ ಎದ್ದೇ ಕೂರಲಿಲ್ಲ. ನಾನು ಚಿತ್ರದುರ್ಗಕ್ಕೆ ಹೊರಡಲು ಎದ್ದರೆ, ಸೂಜಿ ಕೊಡಲು ಬಂದ ದನದ ಡಾಕ್ಟರು ಊತ ನೋಡಿ, ‘ಇದು ಹಲ್ಲಿನ ಬುಡದ ಕೀವು, ಹುಚ್ಚಿನ ಲಕ್ಷಣ ಅಲ್ಲ, ಬದುಕಿರೋ ತಂಕ ಕಾಯ್ರಿ’ ಅಂದರು. ಅದು ಉಸಿರಾಡುವಾಗ ಪಕ್ಕೆ ಏಳುವುದನ್ನು ನೋಡುತ್ತಾ ನಾನು ಪಂಜರದ ಮುಂದೆಯೇ ಕುಳಿತಿರುತ್ತಿದ್ದೆ. ಪಕ್ಕೆ ಎದ್ದಾಗ ನನ್ನ ಉಸಿರು ಹೊರಗೆ ಬರುತ್ತಿತ್ತು.

ಅದರ ಮರುದಿನ ಬೆಳಗ್ಗೆ ಅತ್ತೆ ಕಿರುಚಿದರು. ‘ಹೋತು ಕಣೇ, ಹೋತು!’

ಓಡಿಬಂದೆ. ಪಂಜರದಲ್ಲಿ ಹಾಸಿದ್ದ ಕಂಬಳಿ ತುಂಬಾ ರಕ್ತ, ಕೀವು, ತಡೆಯಲಾಗದ ನಾತ. ಕೆಂಪಿ ಗೋಡೆ ಕಡೆ ಮುಖ ಮಾಡಿ ಅಲ್ಲಾಡದೆ ಮಲಗಿತ್ತು. ಅತ್ತೆ ಹೊಸ್ತಿಲ ಮೇಲೆ ಕುಸಿದು ಕುಂತರು. ನಾನು ಒಳಗೆ ಹೋಗಿ ಬೇರೆ ಸೀರೆ ಉಟ್ಟೆ. ಚಿತ್ರದುರ್ಗದ ಬಸ್ಸು ಎಷ್ಟು ಹೊತ್ತಿಗೆ ಅಂತ ನೆನಪು ಮಾಡಿಕೊಳ್ಳುತ್ತಿದ್ದೆ, ನೆನಪಾಗುತ್ತಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು, ‘ಹೆದರಬೇಡ’ ಅಂತ ಮಗುವಿಗೆ ಹೇಳಿದೆ.

ಆಗ ಪಂಜರದ ಕಡೆಯಿಂದ ಲೊಚ ಲೊಚ ಅಂತ ಸದ್ದು. ಇಬ್ಬರೂ ತಿರುಗಿ ನೋಡಿದೆವು. ಕೆಂಪಿ ಎದ್ದು, ರಾತ್ರಿ ಬಿಟ್ಟಿದ್ದ ತಣ್ಣಗಿನ ಸಾರನ್ನು ನೆಕ್ಕುತ್ತಿತ್ತು. ಹಾರಲಿಲ್ಲ, ಗುರ್ ಅನ್ನಲಿಲ್ಲ. ಬಟ್ಟಲು ಬರಿದು ಮಾಡಿ ಇನ್ನೂ ಬೇಕು ಅಂತ ನಮ್ಮ ಮುಖ ನೋಡಿತು.

ಕಂಬಳಿಯ ಮಡಿಕೆಯಲ್ಲಿ ಹಲ್ಲು ಸಿಕ್ಕಿತು. ಬೇರು ಸಮೇತ ಅಲಸಂದೆ ಕಾಳಿನಷ್ಟಿತ್ತು, ಕಂದು ಬಣ್ಣ. ಕೀವು ಒಡೆದು ತಾನಾಗಿ ಕಳಚಿಕೊಂಡಿತ್ತು. ಅತ್ತೆ ಅದನ್ನು ಕಡ್ಡಿಯಿಂದ ಹೊರಳಿಸಿ ಹೊರಳಿಸಿ ನೋಡಿದರು. ‘ಸಾವಿರ ಕುರಿ ಬಾಯಿ ತೆಗೆದು ಹಲ್ಲು ನೋಡೀನಿ, ವಯಸ್ಸು ಹೇಳೀನಿ. ಮನೇಲಿರೋ ಬೆಕ್ಕಿನ ಬಾಯಿ ನೋಡ್ಬೇಕು ಅನ್ನಿಸ್ಲಿಲ್ವಲ್ಲೇ’ ಅಂದರು.

ಗಡುವು ಮುಗಿದ ದಿನ ಆಸ್ಪತ್ರೆಯ ಡಾಕ್ಟರು, ‘ಹೋಗಮ್ಮ, ಸೂಜಿ ಬೇಡ’ ಅಂದರು. ಮುಂದೆ ಕೆಂಪಿ ಚೇತರಿಸಿಕೊಂಡ ಮೇಲೆ ದನದ ಡಾಕ್ಟರು ಕೆಟ್ಟುಹೋಗಿದ್ದ ಇನ್ನೂ ಎರಡು ಹಲ್ಲು ಕಿತ್ತರು. ಅದು ಬಹಳ ವರ್ಷ ಬದುಕಿ, ಅನ್ನ ನುಂಗಿಕೊಂಡು ಸುಖವಾಗಿತ್ತು. ಈಗ ಆ ಹೊಟ್ಟೆಯ ಸೂಜಿ ಇಲ್ಲ, ತೋಳಿಗೆ ಹಾಕುತ್ತಾರೆ. ಬೆಕ್ಕು ನಾಯಿ ಏನು ಕಚ್ಚಿದರೂ ನನ್ನ ಹಾಗೆ ಪರೀಕ್ಷೆ ಮುಗಿಸಿ ಹೋಗುತ್ತೇನೆ ಅನ್ನದೆ ತಕ್ಷಣ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಬಾಯಿ ವಾಸನೆ ಬಂದರೆ ಬೆಕ್ಕನ್ನೂ ಕರೆದುಕೊಂಡು ಹೋಗಿ.

ಡಾಕ್ಟರು ಭಯ ಇಲ್ಲ ಅಂದರೂ ಭಯ ಹೋಗಲಿಲ್ಲ. ಹುಚ್ಚು ಏರಿದ ಮನುಷ್ಯರಿಗೆ ಗಂಟಲಲ್ಲಿ ನೀರು ಇಳಿಯುವುದಿಲ್ಲ ಅಂತ ಓದಿದ್ದೆ. ಬೆಳಗ್ಗೆ ಎದ್ದು ತಂಬಿಗೆ ಬಾಯಿಗಿಟ್ಟಾಗ, ಈ ಗುಟುಕು ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಯಾರಿಗೂ ಹೇಳಲಿಲ್ಲ. ಆ ದಿನಗಳಲ್ಲಿ ನಾನು ಏಳುವ ಮೊದಲೇ ಅತ್ತೆ ನೀರು ತಂದು ಕೊಡುತ್ತಿದ್ದರು. ಬಸುರಿ ಅಂತ ಉಪಚಾರ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

ಹೆರಿಗೆಗೆ ನನ್ನನ್ನು ಕರೆದೊಯ್ಯಲು ನಮ್ಮಮ್ಮ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಅಮ್ಮನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಮಗಳು ಹುಟ್ಟಿ, ಎಲ್ಲ ಸುಸೂತ್ರವಾಗಿ ಕಳೆದ ಮೇಲೆ ಒಂದು ದಿನ ಏನು ಹೇಳಿದರು ಅಂತ ಅಮ್ಮನನ್ನು ಕೇಳಿದೆ.

‘ದಿನಾ ಬೆಳಗ್ಗೆ ಅವಳಿಗೆ ನಿನ್ನ ಕೈಯಾರೆ ನೀರು ಕೊಡಮ್ಮ. ಗುಟುಕು ಇಳಿಯೋ ತಂಕ ಅವಳ ಗಂಟಲು ನೋಡ್ತಾ ನಿಂತ್ಕ. ಅವಳಿಗೆ ಗೊತ್ತಾಗಬಾರ್ದು ಅಂದ್ಲು ಕಣೆ ನಿಮ್ಮತ್ತೆ’ ಅಂದರು ಅಮ್ಮ.

ಅತ್ತೆ ಈಗಿಲ್ಲ. ಬೆಕ್ಕು ಕಳಿಸಿದ್ದಕ್ಕೆ ಅವರು ಒಂದು ದಿನವೂ ತಪ್ಪಾಯಿತು ಅನ್ನಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ. ಈಗಲೂ ಬೆಳಗ್ಗೆ ಮೊದಲ ಗುಟುಕು ನೀರು ಕುಡಿಯುವಾಗ ಎದುರಿಗೆ ಯಾರೋ ನಿಂತು ನನ್ನ ಗಂಟಲನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಅವರಿಗೆ ಕಾಣಲಿ ಅಂತ ಸ್ವಲ್ಪ ತಲೆಯೆತ್ತಿಯೇ ಕುಡಿಯುತ್ತೇನೆ.